ಬಂಡೆಯಿಂದ ಬಂಡೆಗೆ: ಲಾಲ್‌ಬಾಗ್ ಮತ್ತು ಬಸವನಗುಡಿಯನ್ನು ಒಂದೇ ದಿನದಲ್ಲಿ ನಡೆದು ನೋಡುವುದು ಹೇಗೆ

ನಮ್ಮ ಮನೆ ಹನುಮಂತನಗರದಲ್ಲಿ. ಊರು ಚಳ್ಳಕೆರೆ ಕಡೆ. ಊರಿನಿಂದ ಯಾರೇ ಬರಲಿ, ಆಸ್ಪತ್ರೆ ಕೆಲಸಕ್ಕೋ, ಮದುವೆಗೋ, ಮಕ್ಕಳ ಪರೀಕ್ಷೆಗೋ, ಒಂದು ದಿನ ಮಿಕ್ಕೇ ಮಿಕ್ಕುತ್ತದೆ. ಆಗ ಎಲ್ಲರದ್ದೂ ಒಂದೇ ಮಾತು, "ಲಾಲ್‌ಬಾಗ್ ತೋರಿಸು." ಇಪ್ಪತ್ತು ವರ್ಷದಿಂದ ತೋರಿಸುತ್ತಾ ಬಂದಿದ್ದೇನೆ.

ಮೊದಮೊದಲು ಹೀಗೆ ಮಾಡುತ್ತಿದ್ದೆ. ಮನೆಯಲ್ಲಿ ತಿಂಡಿ ಮುಗಿಸಿ ಹತ್ತೂವರೆಗೆ ಹೊರಡುವುದು. ಗಾಜಿನ ಮನೆ ಮುಂದೆ ಫೋಟೋ. ಹೂವಿನ ಗಡಿಯಾರ. ಬಿಸಿಲು ಜಾಸ್ತಿ ಆಯಿತು ಅಂತ ಬಂದ ಗೇಟಿನಿಂದಲೇ ವಾಪಸ್. ಬಂದವರು "ಚೆನ್ನಾಗಿದೆ" ಅನ್ನುತ್ತಿದ್ದರು. ಆದರೆ ಅವರು ನೋಡಿದ್ದು 240 ಎಕರೆಯಲ್ಲಿ ಒಂದು ಮೂಲೆ ಅಷ್ಟೇ. ಪಕ್ಕದ ಬಸವನಗುಡಿಯಂತೂ ಬಾಕಿಯೇ ಉಳಿಯುತ್ತಿತ್ತು.

ಈಗ ನಾನು ಪಾಲಿಸುವ ಕ್ರಮ ಬೇರೆ. ಒಂದು ಗೇಟಿನಲ್ಲಿ ಒಳಗೆ ಹೋಗಿ, ಇನ್ನೊಂದರಲ್ಲಿ ಹೊರಗೆ ಬರುತ್ತೇನೆ. ಬೆಳಿಗ್ಗೆ ಲಾಲ್‌ಬಾಗ್ ಬಂಡೆಯ ಮೇಲೆ ಶುರು ಮಾಡಿ, ಸಂಜೆ ಬ್ಯೂಗಲ್ ರಾಕ್ ಮೇಲೆ ಮುಗಿಸುತ್ತೇನೆ. ಎರಡೂ ಒಂದೇ ಜಾತಿಯ ಕಲ್ಲು. ನೆಲದ ಅಡಿಯಲ್ಲಿ ಹಬ್ಬಿಕೊಂಡಿರುವ ಹಳೇ ಕಲ್ಲು ಈ ಎರಡು ಕಡೆ ತಲೆ ಎತ್ತಿದೆ. ಎಲ್ಲಾ ಸೇರಿ ಐದು ಕಿಲೋಮೀಟರ್ ಆಸುಪಾಸು ನಡಿಗೆ. ನಡುವೆ ಕೂರುವುದಕ್ಕೆ, ತಿನ್ನುವುದಕ್ಕೆ, ಮಲಗುವುದಕ್ಕೂ ಸಮಯ ಇದೆ.

ಮೊದಲು ದಿನ ಆರಿಸಿಕೊಳ್ಳಿ. ಸೋಮವಾರದಿಂದ ಗುರುವಾರದವರೆಗೆ ಯಾವತ್ತಾದರೂ ಒಳ್ಳೆಯದು. ಶುಕ್ರವಾರ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಹೋಟೆಲಿಗೆ ರಜೆ. ದೋಸೆ ಬೇಕೇ ಬೇಕು ಅನ್ನುವವರು ಅದನ್ನು ನೆನಪಿಡಿ. ಭಾನುವಾರ ಜನ ಜಾಸ್ತಿ. ಇನ್ನು ಫಲಪುಷ್ಪ ಪ್ರದರ್ಶನ ವರ್ಷಕ್ಕೆ ಎರಡು ಸಲ ನಡೆಯುತ್ತದೆ, ಗಣರಾಜ್ಯೋತ್ಸವದ ಹೊತ್ತಿಗೆ ಮತ್ತು ಸ್ವಾತಂತ್ರ್ಯ ದಿನದ ಹೊತ್ತಿಗೆ. ಅದು ನೋಡುವಂಥದ್ದೇ. ಆದರೆ ಲಾಲ್‌ಬಾಗನ್ನು ಮೊದಲ ಸಲ ನೋಡುವವರು ಆ ದಿನಗಳಲ್ಲಿ ಹೋಗಬೇಡಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಒಂದು ಆಗಸ್ಟ್‌ನಲ್ಲಿ ನಮ್ಮ ದೊಡ್ಡಮ್ಮನನ್ನು ಕರೆದುಕೊಂಡು ಹೋಗಿದ್ದೆ. ಸಾಲಿನಲ್ಲಿ ನಿಂತು ನಿಂತು ಅವರ ಕಾಲು ಊದಿಕೊಂಡಿತು. ಗಾಜಿನ ಮನೆಯೊಳಗೆ ಮುಂದಿನವರ ಬೆನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಮರದ ಕೆಳಗೆ ಐದು ನಿಮಿಷ ಕೂರೋಣ ಅಂದರೆ ಜಾಗ ಸಿಗಲಿಲ್ಲ. ಪಾಪ, ಮನೆಗೆ ಬಂದ ಮೇಲೆ ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಟ್ಟುಕೊಂಡು ಕೂತಿದ್ದರು.

ಕಾರು ಬೇಡ. ನೀವು ಬೇರೆ ಗೇಟಿನಿಂದ ಹೊರಗೆ ಬರುತ್ತೀರಿ ತಾನೆ, ಕಾರು ಹಿಂದೆ ಉಳಿದುಬಿಡುತ್ತದೆ. ಬಸ್ಸಿನಲ್ಲಿ ಬರುವವರು ಶಾಂತಿನಗರ ಬಸ್ ನಿಲ್ದಾಣದಲ್ಲಿ ಇಳಿದರೆ ಡಬಲ್ ರೋಡ್ ಗೇಟ್ ಹತ್ತಿರ. ಇಲ್ಲವೇ ಆಟೋದವರಿಗೆ "ಲಾಲ್‌ಬಾಗ್ ಮೇನ್ ಗೇಟ್" ಅನ್ನಿ. ಹಸಿರು ಮಾರ್ಗದ ಮೆಟ್ರೋದಲ್ಲಿ ಲಾಲ್‌ಬಾಗ್ ಅಂತಲೇ ಒಂದು ನಿಲ್ದಾಣ ಇದೆ. ಆದರೆ ಅದು ವೆಸ್ಟ್ ಗೇಟ್ ಕಡೆ. ಅದನ್ನು ಹೊರಗೆ ಬರುವ ಹೊತ್ತಿಗೆ ಇಟ್ಟುಕೊಳ್ಳಿ.

ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುತ್ತಾರೆ. ಆರೂವರೆಗೆ ಒಳಗಿರಿ. ಸ್ಟೀಲ್ ಬಾಟಲಿಯಲ್ಲಿ ನೀರು ತನ್ನಿ, ತೋಟದೊಳಗೆ ಪ್ಲಾಸ್ಟಿಕ್‌ಗೆ ಅವಕಾಶ ಇಲ್ಲ. ಹೊಟ್ಟೆಗೆ ಮನೆಯಲ್ಲೇ ಒಂದು ಲೋಟ ಕಾಫಿ, ಎರಡು ಬಾಳೆಹಣ್ಣು ಸಾಕು. ಕಾಲಿಗೆ ಹಿಡಿತ ಇರುವ ಶೂ ಅಥವಾ ರಬ್ಬರ್ ಅಡಿ ಇರುವ ಚಪ್ಪಲಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ನಮ್ಮ ಚಿಕ್ಕಮ್ಮ ಹೊಸ ತೊಗಲಿನ ಚಪ್ಪಲಿ ಹಾಕಿಕೊಂಡು ಬಂದು, ತುಂತುರು ಬಿದ್ದ ಬಂಡೆ ಮೇಲೆ ಜಾರಿ ಮಣಿಕಟ್ಟು ಉಳುಕಿಸಿಕೊಂಡರು. ಮಳೆ ಬಂದಿದ್ದರೆ ಬಂಡೆ ಒಣಗುವವರೆಗೆ ಕಾಯಿರಿ.

ಮೇನ್ ಗೇಟ್ ಆಗಲಿ, ಡಬಲ್ ರೋಡ್ ಗೇಟ್ ಆಗಲಿ, ಒಳಗೆ ಹೋದ ಮೇಲೆ ಬಂಡೆ ದೂರ ಇಲ್ಲ. ಗಾಜಿನ ಮನೆ ಕರೆಯುತ್ತದೆ, ಹೋಗಬೇಡಿ. ಮೊದಲು ಬಂಡೆ. ಹತ್ತು ಗಂಟೆ ಆದರೆ ಅದರ ಮೇಲೆ ನಿಲ್ಲುವುದಕ್ಕೆ ಆಗುವುದಿಲ್ಲ, ನೆರಳು ಇಲ್ಲ, ಕಲ್ಲು ಕಾಯುತ್ತದೆ.

ಹತ್ತುವುದು ಕಷ್ಟ ಏನಿಲ್ಲ. ಇಳಿಜಾರು ಮೆಲ್ಲಗೆ ಏರುತ್ತದೆ. ಮೇಲೆ ಒಂದು ಸಣ್ಣ ಗೋಪುರ. ಕೆಂಪೇಗೌಡರ ಗೋಪುರ ಅಂತ ಎಲ್ಲರಿಗೂ ಗೊತ್ತು. ಹಳೇ ಬೆಂಗಳೂರಿನ ನಾಲ್ಕು ದಿಕ್ಕಿಗೆ ಇಂಥ ನಾಲ್ಕು ಗೋಪುರ ಇವೆ. ಉಳಿದ ಮೂರು ಹಲಸೂರು ಕೆರೆ, ಕೆಂಪಾಂಬುಧಿ ಕೆರೆ ಮತ್ತು ಮೇಖ್ರಿ ವೃತ್ತದ ಹತ್ತಿರ. ಇಲ್ಲಿಂದ ಸುತ್ತ ನೋಡಿದರೆ ಊರು ಈ ಗೋಪುರಗಳನ್ನು ದಾಟಿ ಎಷ್ಟು ದೂರ ಹೋಗಿದೆ ಅಂತ ಕಣ್ಣಿಗೇ ಕಾಣುತ್ತದೆ.

ಎಲ್ಲರೂ ಗೋಪುರದ ಮುಂದೆ ಫೋಟೋ ತೆಗೆಸಿಕೊಂಡು ಇಳಿಯುತ್ತಾರೆ. ನೀವು ಕುಕ್ಕರುಗಾಲಲ್ಲಿ ಕೂತು ಕಾಲ ಕೆಳಗಿನ ಕಲ್ಲು ನೋಡಿ. ಬೂದು ಬಣ್ಣದ ಮೈ ಮೇಲೆ ಕಪ್ಪು, ಬಿಳಿ ಪಟ್ಟೆಗಳು. ಕೆಲವು ದಾರದಷ್ಟು ತೆಳು, ಕೆಲವು ಅಂಗೈ ಅಗಲ. ನೇರ ಓಡುತ್ತಾ ಓಡುತ್ತಾ ತಟ್ಟನೆ ಮಡಚಿಕೊಂಡು ತಿರುಗುತ್ತವೆ. ನಮ್ಮ ದೊಡ್ಡಪ್ಪ ಮೊದಲ ಸಲ ಬಂದಾಗ ಆ ಪಟ್ಟೆ ಮೇಲೆ ಬೆರಳು ಎಳೆದುಕೊಂಡು ಹೋಗಿ, "ಗೋಧಿ ಹಿಟ್ಟು, ರಾಗಿ ಹಿಟ್ಟು ಸೇರಿಸಿ ಅರ್ಧಂಬರ್ಧ ನಾದಿದಂಗೆ ಐತಲ್ಲವ್ವ" ಅಂದರು. ಅದು ಹೆಚ್ಚು ಕಡಿಮೆ ನಿಜವೇ. ಈ ಕಲ್ಲಿಗೆ ನೈಸ್ ಅಂತ ಹೆಸರು. ನೆಲದ ಆಳದಲ್ಲಿ ಬಿಸಿಗೆ, ಒತ್ತಡಕ್ಕೆ ಸಿಕ್ಕಿ ಕಲ್ಲು ಹಿಟ್ಟಿನ ಹಾಗೆ ಮೆತ್ತಗಾಗಿ, ಮಡಚಿಕೊಂಡು, ಕಪ್ಪು ಖನಿಜ ಒಂದು ಕಡೆ, ಬಿಳಿ ಖನಿಜ ಒಂದು ಕಡೆ ಸಾಲುಗಟ್ಟಿದೆ. ವಯಸ್ಸು ಸುಮಾರು 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಬೆಳಿಗ್ಗೆ ಕಲ್ಲಿನ ಮೇಲೆ ಅಂಗೈ ಇಟ್ಟು ನೋಡಿ, ಮಡಕೆಯ ಹಾಗೆ ತಣ್ಣಗಿರುತ್ತದೆ. ಈ ತಣ್ಣನೆಯನ್ನು ನೆನಪಿಟ್ಟುಕೊಳ್ಳಿ, ಸಂಜೆಗೆ ಬೇಕು.

ಬಂಡೆಯಿಂದ ಇಳಿದು ಗಾಜಿನ ಮನೆಗೆ ಬನ್ನಿ. 1889ರಲ್ಲಿ ಇದರ ಅಡಿಗಲ್ಲು ಇಟ್ಟವರು ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಇದಕ್ಕೆ ಮಾದರಿ. ಪ್ರದರ್ಶನ ಇಲ್ಲದ ದಿನ ಒಳಗೆ ಖಾಲಿ ಖಾಲಿ. ನನಗೆ ಹಾಗಿದ್ದರೇ ಇಷ್ಟ. ಕಬ್ಬಿಣದ ಕಂಬ, ಕಮಾನು ಎಲ್ಲಾ ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣುತ್ತವೆ.

ಆಗ ತೋಟದ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದವರು ಜಾನ್ ಕ್ಯಾಮರಾನ್. ನಮ್ಮ ಅಡುಗೆ ಮನೆಗೆ ಸೀಮೆಬದನೆಕಾಯಿ ಬಂದದ್ದು ಅವರ ಕಾಲದಲ್ಲಿ, ಈ ತೋಟದ ಮೂಲಕ. ಊರಿನ ಹೆಂಗಸರಿಗೆ ಈ ಮಾತು ಹೇಳಿದರೆ ಸಾಕು, ಅಲ್ಲಿವರೆಗೆ ಕಾಲು ನೋವು ಅನ್ನುತ್ತಿದ್ದವರು ಎದ್ದು ನಿಂತು ಇನ್ನೂ ಏನೇನು ಇಲ್ಲಿಂದ ಬಂತು ಅಂತ ಕೇಳುತ್ತಾರೆ. ಅದಕ್ಕೇ ನಾನು ಲಾಲ್‌ಬಾಗ್ ಅಂದರೆ ಬರೀ ಪಾರ್ಕ್ ಅಲ್ಲ ಅನ್ನುವುದು. 1760ರಲ್ಲಿ ಹೈದರ್ ಅಲಿ ಶುರು ಮಾಡಿದಾಗಿನಿಂದ ಇದು ಹೊರಗಿನ ಗಿಡ ತಂದು, ಈ ಮಣ್ಣಿಗೆ ಒಗ್ಗುತ್ತದಾ ಅಂತ ನೋಡುವ ಜಾಗ. ಟಿಪ್ಪು ದೂರದೂರದ ದೇಶಗಳಿಂದ ಬೀಜ, ಸಸಿ ತರಿಸಿದ. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನ ಆಯಿತು. ಕ್ಯಾಮರಾನ್ ನಂತರ ಬಂದ ಜರ್ಮನಿಯ ಕೃಂಬಿಗಲ್ ಅವರು ಬೆಂಗಳೂರಿನ ರಸ್ತೆಗಳಿಗೆ ಯೋಚನೆ ಮಾಡಿ ಮರ ಆರಿಸಿದರು, ಒಂದು ಜಾತಿ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಶುರು ಮಾಡುವ ಹಾಗೆ. ಆಮೇಲೆ ಡಾ. ಮರಿಗೌಡರು ತೋಟವನ್ನು ಬೆಳೆಸಿದರು. ಇಬ್ಬರ ಹೆಸರಿನ ರಸ್ತೆಗಳೂ ಲಾಲ್‌ಬಾಗಿನ ಅಕ್ಕಪಕ್ಕದಲ್ಲೇ ಇವೆ.

ಹೂವಿನ ಗಡಿಯಾರ, ಬೋನ್ಸಾಯ್ ತೋಟ, ಕುದುರೆ ಮೇಲಿನ ಚಾಮರಾಜ ಒಡೆಯರ ಪ್ರತಿಮೆ, ಇವಕ್ಕೆ ತಲಾ ಐದು ನಿಮಿಷ ಸಾಕು. ಮಕ್ಕಳಿದ್ದರೆ ಗಡಿಯಾರದ ಹತ್ತಿರ ಹತ್ತು ನಿಮಿಷ. ಆದರೆ ಕಲ್ಲಾಗಿರುವ ಮರದ ದಿಮ್ಮಿಯನ್ನು ಬಿಟ್ಟು ಬರಬೇಡಿ. ತಮಿಳುನಾಡಿನ ತಿರುವಕ್ಕರೈಯಿಂದ ತಂದದ್ದು, ಸುಮಾರು 2 ಕೋಟಿ ವರ್ಷದ್ದು. ನೋಡಿದರೆ ಮರ, ಮುಟ್ಟಿದರೆ ಕಲ್ಲು.

ಮಂಡಿ ನೋವಿನವರಿಗೆ ಬ್ಯಾಟರಿ ಗಾಡಿ ಇದೆ. ಅದಕ್ಕೆ ಬೇರೆ ಟಿಕೆಟ್. ನನ್ನ ಸಲಹೆ ಏನೆಂದರೆ, ಗಾಡಿಯಲ್ಲಿ ಪೂರ್ತಿ ಸುತ್ತು ಹಾಕಿಸಿ, ಆಮೇಲೆ ಒಂದೇ ಒಂದು ಮರದ ಹತ್ತಿರ ಅವರನ್ನು ಕೈ ಹಿಡಿದು ಕರೆದುಕೊಂಡು ಹೋಗಿ. ಆ ಮರ ಬಿಳಿ ಬೂರುಗ. ವಾಕಿಂಗ್ ಬರುವ ಯಾರನ್ನಾದರೂ "ದೊಡ್ಡ ಬೂರುಗದ ಮರ ಎಲ್ಲಿ" ಅಂತ ಕೇಳಿ, ತೋರಿಸುತ್ತಾರೆ. ಅದರ ಬೇರು ನೆಲದೊಳಗೆ ಮಾತ್ರ ಇಲ್ಲ. ಬುಡದಿಂದ ಗೋಡೆಗಳ ಹಾಗೆ ಎದ್ದು, ಹಾವಿನ ಹಾಗೆ ಹೊರಳಿಕೊಂಡು ನಾಲ್ಕೂ ಕಡೆ ಹರಡಿದೆ. ಎರಡು ಬೇರಿನ ನಡುವೆ ಒಬ್ಬ ಮನುಷ್ಯ ನಿಂತರೆ ಪಕ್ಕದವರಿಗೆ ಕಾಣುವುದಿಲ್ಲ. ಅಷ್ಟು ಎತ್ತರದ ಮರ ಗಾಳಿಗೆ ಬೀಳದೆ ನಿಂತಿರುವುದು ಈ ಗೋಡೆಗಳ ಆಸರೆಯಿಂದ. ಜನ ಇದರ ಮೈ ಮೇಲೆ ಹೆಸರು ಕೆತ್ತುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ನಿಮ್ಮ ಜೊತೆ ಬಂದ ಹುಡುಗರು ಬೇರು ಹತ್ತದಂತೆ ನೋಡಿಕೊಳ್ಳಿ. ದಯವಿಟ್ಟು.

ಆಮೇಲೆ ಕೆರೆ. ಏರಿ ಮೇಲೆ ನಿಧಾನ ನಡೆಯಿರಿ. ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸುತ್ತಾ ಕೂತಿರುತ್ತವೆ. ಅದೃಷ್ಟ ಇದ್ದರೆ ಹೆಜ್ಜಾರ್ಲೆ ಕಾಣುತ್ತದೆ, ಕೊಕ್ಕಿನ ಕೆಳಗೆ ಚೀಲ ಇರುವ ದೊಡ್ಡ ಹಕ್ಕಿ. ಇಲ್ಲಿ ಮಾತು ಕಡಿಮೆ ಮಾಡಿ ಕಾಲು ಗಂಟೆ ಕೂರಿ. ಇಡೀ ದಿನದಲ್ಲಿ ಊರಿನವರಿಗೆ ಬೆಂಗಳೂರು ಮರೆತುಹೋಗುವುದು ಇಲ್ಲೇ.

ಒಂಬತ್ತೂವರೆ ಹೊತ್ತಿಗೆ ವೆಸ್ಟ್ ಗೇಟ್ ಕಡೆ ನಡೆಯಿರಿ.

ತಿಂಡಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮೇನ್ ಗೇಟ್ ಕಡೆ ಲಾಲ್‌ಬಾಗ್ ರಸ್ತೆಯಲ್ಲಿ ಎಂಟಿಆರ್ ಇದೆ, 1924ರಿಂದ. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ಹೋದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದು ತಾವೇ ಅಂತ ಅವರು ಹೇಳುತ್ತಾರೆ. ರವೆ ಇಡ್ಲಿ ಇಷ್ಟಪಡುವವರು ತಿರುಗಿ ಆ ಕಡೆಯೇ ಹೋಗಬಹುದು. ಆದರೆ ಅಲ್ಲಿಗೆ ಹೋದರೆ ಬಸವನಗುಡಿಯ ದಾರಿ ತಪ್ಪುತ್ತದೆ. ನಾನು ಯಾವಾಗಲೂ ಗಾಂಧಿ ಬಜಾರಿನ ಕಡೆ. ವೆಸ್ಟ್ ಗೇಟಿನಿಂದ ಸುಮಾರು ಇಪ್ಪತ್ತು ನಿಮಿಷ ನಡಿಗೆ. ನಡೆಯಲಾರದವರು ಆಟೋ ಹಿಡಿಯಿರಿ.

ವಿದ್ಯಾರ್ಥಿ ಭವನ 1943ರದ್ದು. ಬಾಗಿಲಲ್ಲಿ ಹೆಸರು ಹೇಳಿ ಕಾಯಬೇಕು. ಇಲ್ಲಿಯ ಮಸಾಲೆ ದೋಸೆ ತೆಳು ಕಾಗದದ ಹಾಗಲ್ಲ. ದಪ್ಪ, ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ, ಬೆಣ್ಣೆಯ ಘಮ. ಮಾಣಿಗಳು ಕೈ ಉದ್ದಕ್ಕೂ ಹತ್ತಾರು ತಟ್ಟೆ ಒಂದರ ಮೇಲೊಂದು ಜೋಡಿಸಿಕೊಂಡು ಬರುವುದನ್ನು ನೋಡಿ ನಮ್ಮ ದೊಡ್ಡಪ್ಪ ತಿನ್ನುವುದನ್ನೇ ನಿಲ್ಲಿಸಿದ್ದರು. ಕಾಯುವ ತಾಳ್ಮೆ ಇಲ್ಲದವರಿಗೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಇದೆ. ಇಡ್ಲಿ, ವಡೆ, ಚಟ್ನಿ, ಕಾಫಿ. ನಿಂತುಕೊಂಡೇ ತಿನ್ನಬೇಕು.

ತಿಂದ ಮೇಲೆ ಗಾಂಧಿ ಬಜಾರಿನಲ್ಲಿ ಒಂದು ಸುತ್ತು. ಹೂವಿನವರ ಹತ್ತಿರ ಮಲ್ಲಿಗೆ, ಸೇವಂತಿಗೆ, ಹಬ್ಬದ ಹಿಂದಿನ ದಿನ ಬಾಳೆಕಂದು, ಮಾವಿನ ಸೊಪ್ಪು. ಊರಿಗೆ ಒಯ್ಯುವುದಕ್ಕೆ ಸುಬ್ಬಮ್ಮನ ಅಂಗಡಿಯಲ್ಲಿ ಕೋಡುಬಳೆ, ಹುರಿಗಾಳು ಕಟ್ಟಿಸಿಕೊಳ್ಳಿ. ಅಂಗಡಿ ಚಿಕ್ಕದು, ಕೇಳಿಕೊಂಡು ಹೋಗಿ.

ಈಗ ಹನ್ನೊಂದೂವರೆ ಆಗಿರುತ್ತದೆ. ಇಲ್ಲಿ ನಿಲ್ಲಿಸಿ. ಎಲ್ಲರೂ ಈ ಹೊತ್ತಿನಲ್ಲಿ ದೇವಸ್ಥಾನಕ್ಕೆ ಓಡುತ್ತಾರೆ, ಮಧ್ಯಾಹ್ನ ಬಾಗಿಲು ಹಾಕಿದ್ದರೆ ಮೆಟ್ಟಿಲ ಮೇಲೆ ಬೆವರು ಸುರಿಸುತ್ತಾ ಕೂರುತ್ತಾರೆ. ನೀವು ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲೋ ಲಾಲ್‌ಬಾಗ್ ನಿಲ್ದಾಣದಲ್ಲೋ ಮೆಟ್ರೋ ಹತ್ತಿ, ಇಳಿದುಕೊಂಡ ಜಾಗಕ್ಕೆ ಹೋಗಿ ಮಲಗಿ. ಬಿಸಿಲು ಇಳಿದ ಮೇಲೆ, ನಾಲ್ಕೂವರೆಗೆ, ಬನ್ನಿ.

ಸಂಜೆ ನೇರ ದೊಡ್ಡ ಬಸವಣ್ಣನ ಗುಡಿಗೆ. ಕೆಂಪೇಗೌಡರು ಕಟ್ಟಿಸಿದ್ದು. ಈ ಬಡಾವಣೆಗೆ ಹೆಸರು ಬಂದದ್ದೇ ಇಲ್ಲಿಂದ. ಬಡಾವಣೆ ಎದ್ದದ್ದು ಮಾತ್ರ ತೀರಾ ಈಚೆಗೆ, 1898ರಲ್ಲಿ ಪ್ಲೇಗ್ ಬಂದು ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಬೇಕಾದ ಕಾಲದಲ್ಲಿ. ಅದಕ್ಕೇ ಇಲ್ಲಿಯ ರಸ್ತೆ ನೇರ, ಅಗಲ. ಒಳಗಿರುವ ಬಸವ ಒಂದೇ ಕಲ್ಲಿನದು, ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಎಣ್ಣೆ ಹಚ್ಚಿ ಹಚ್ಚಿ ಕರ‍್ರಗೆ ಹೊಳೆಯುತ್ತದೆ. ಸುತ್ತಿಕೊಂಡು ಹಿಂದಕ್ಕೆ ಹೋಗಿ ಬಾಲವನ್ನೂ ನೋಡಿ. ಕೆಳಗೆ ಪಕ್ಕದಲ್ಲೇ ದೊಡ್ಡ ಗಣಪತಿ. ಬೆಣ್ಣೆ ಅಲಂಕಾರ ಇರುವ ದಿನ ಸಿಕ್ಕರೆ ಪುಣ್ಯ.

ಕಾರ್ತಿಕ ಮಾಸದ ಕೊನೆಯ ಸೋಮವಾರ ಇಲ್ಲಿ ಕಡಲೆಕಾಯಿ ಪರಿಷೆ. ಜನ ಜಾಸ್ತಿ ಇರುವ ದಿನ ಬೇಡ ಅಂತ ಮೇಲೆ ಹೇಳಿದೆ ಅಲ್ವಾ, ಇದಕ್ಕೆ ಮಾತ್ರ ಅದು ಅನ್ವಯಿಸುವುದಿಲ್ಲ. ಇದಕ್ಕೆ ನುಗ್ಗಲೇಬೇಕು. ಹಿಂದೆ ಈ ಕಡೆ ಕಡಲೆಕಾಯಿ ಹೊಲಗಳಿದ್ದವು, ಒಂದು ಗೂಳಿ ಬೆಳೆ ತಿಂದು ಹಾಕುತ್ತಿತ್ತು, ಅದಕ್ಕೇ ಮೊದಲ ಬೆಳೆ ಬಸವಣ್ಣನಿಗೆ ಅಂತ ಕತೆ ಹೇಳುತ್ತಾರೆ. ಬುಲ್ ಟೆಂಪಲ್ ರಸ್ತೆಯ ಎರಡೂ ಕಡೆ ಕಡಲೆಕಾಯಿ ಗುಡ್ಡೆ. ಹಸಿಯದು, ಹುರಿದದ್ದು, ಬೇಯಿಸಿದ್ದು.

ನಮ್ಮ ದೊಡ್ಡಪ್ಪ ಕಡಲೆಕಾಯಿ ಬೆಳೆಯುವವರೇ. ಅವರ ಜೊತೆ ಒಮ್ಮೆ ಪರಿಷೆಗೆ ಹೋಗಿದ್ದೆ. ಅವರು ಆರಿಸುವ ರೀತಿಯನ್ನೇ ನಿಮಗೂ ಹೇಳುತ್ತೇನೆ. ಗುಡ್ಡೆಯ ಮೇಲಿನದನ್ನು ತೆಗೆಯಬೇಡಿ, ಒಳಗೆ ಕೈ ಹಾಕಿ ಒಂದು ಹಿಡಿ ಎತ್ತಿ. ಒಂದು ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ. ಗಲಗಲ ಅಂದರೆ ಬೀಜ ಒಣಗಿದೆ. ಶಬ್ದ ಇಲ್ಲದೆ ಕೈಗೆ ಭಾರ ಅನ್ನಿಸಿದರೆ ಹಸಿ, ಬೇಯಿಸುವುದಕ್ಕೆ ಅದೇ ಆಗಬೇಕು. ಹೆಬ್ಬೆರಳಲ್ಲಿ ಮೂತಿ ಒತ್ತಿ ಬಿಡಿಸಿ. ಸಿಪ್ಪೆಯ ಒಳಮೈ ಬೆಳ್ಳಗಿದ್ದರೆ ಕಾಯಿ ಇನ್ನೂ ಎಳೆಯದು, ಕಂದು ತಿರುಗಿದ್ದರೆ ಬಲಿತಿದೆ. ಅವತ್ತು ದೊಡ್ಡಪ್ಪ ಒಬ್ಬರ ಗುಡ್ಡೆ ಮುಂದೆ ಕೂತು ಹೀಗೆ ಐದಾರು ಕಾಯಿ ಬಿಡಿಸಿದರು. ಮಾರುವಾಕೆ ಅವರ ಕೈ ನೋಡಿ "ಯಾವೂರಣ್ಣ" ಅಂತ ಕೇಳಿದಳು. ಆಮೇಲೆ ಇಬ್ಬರದೂ ಮಳೆ, ಗೊಬ್ಬರ, ಬೀಜದ ಮಾತು. ವ್ಯಾಪಾರ ಮುಗಿದಾಗ ಅವಳು ಅಳತೆಯ ಮೇಲೆ ಎರಡು ಬೊಗಸೆ ಕೊಸರು ಹಾಕಿದಳು. ದೊಡ್ಡಪ್ಪ ಅದರಲ್ಲಿ ಅರ್ಧ ವಾಪಸ್ ಗುಡ್ಡೆಗೆ ಸುರಿದು, "ಬೆಳೆದವರ ಕಷ್ಟ ಗೊತ್ತೈತೆ ಕಣವ್ವ" ಅಂದರು. ನೀವು ಚೌಕಾಸಿ ಮಾಡಬೇಡಿ. ಕೊಸರು ಕೇಳಿ, ಅದು ಪರಿಷೆಯ ಪದ್ಧತಿ. ಬಟ್ಟೆ ಚೀಲ ಮರೆಯಬೇಡಿ.

ಸಮಯ, ಶಕ್ತಿ ಎರಡೂ ಇದ್ದರೆ ಗವಿಪುರದ ಗವಿ ಗಂಗಾಧರೇಶ್ವರನ ಗುಡಿಯನ್ನೂ ಸೇರಿಸಿಕೊಳ್ಳಿ. ಬಂಡೆಯನ್ನೇ ಕೊರೆದು ಮಾಡಿದ ಗುಡಿ. ಸೂರು ತಗ್ಗು, ತಲೆ ಬಗ್ಗಿಸಿ ನಡೆಯಬೇಕು. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಬೆಳಕು ಹೊರಗಿನ ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುತ್ತದೆ. ಉಳಿದ ದಿನಗಳಲ್ಲಿ ಅಂಗಳದಲ್ಲಿ ಕಂಬದ ಮೇಲೆ ನಿಂತಿರುವ ಕಲ್ಲಿನ ದೊಡ್ಡ ಬಿಲ್ಲೆಗಳನ್ನು ನೋಡಿ, ಸೂರ್ಯಪಾನ, ಚಂದ್ರಪಾನ ಅನ್ನುತ್ತಾರೆ. ಮಾತು, ಸಂಗೀತ ಇಷ್ಟಪಡುವವರು ಜೊತೆಗಿದ್ದರೆ ಬಿ.ಪಿ. ವಾಡಿಯಾ ರಸ್ತೆಯ ವರ್ಲ್ಡ್ ಕಲ್ಚರ್ ಇನ್‌ಸ್ಟಿಟ್ಯೂಟ್‌ನಲ್ಲಿ ಅವತ್ತು ಏನಿದೆ ಅಂತ ವಿಚಾರಿಸಿ. 1945ರಿಂದ ನಡೆಯುತ್ತಿರುವ ಸಂಸ್ಥೆ.

ನಾನಂತೂ ಕೊನೆಗೆ ಬರುವುದು ಬ್ಯೂಗಲ್ ರಾಕ್‌ಗೆ. ಬಸವಣ್ಣನ ಗುಡಿಗೆ ಅಂಟಿಕೊಂಡೇ ಇದೆ. ಹಿಂದೆ ಕಾವಲಿನವರು ಇಲ್ಲಿ ನಿಂತು ಕಹಳೆ ಊದುತ್ತಿದ್ದರು, ಹೆಸರು ಅಲ್ಲಿಂದ. ಡಿ.ವಿ.ಜಿ. ಅವರ ಪ್ರತಿಮೆ ಇಲ್ಲಿದೆ. ಹುಡುಗರು, ರಿಟೈರ್ ಆದವರು, ಕಾಲೇಜಿನವರು ಎಲ್ಲರೂ ಬಂಡೆಗಳ ಮೇಲೆ ಅಲ್ಲಲ್ಲಿ ಕೂತಿರುತ್ತಾರೆ. ನೀವೂ ಒಂದು ಜಾಗ ನೋಡಿ ಕೂರಿ. ಕಾಲ ಕೆಳಗೆ ಬೆಳಿಗ್ಗೆ ನೋಡಿದ ಅದೇ ಕಪ್ಪು ಬಿಳಿ ಪಟ್ಟೆ ಹುಡುಕಿ, ಸಿಗುತ್ತದೆ. ಅದರ ಮೇಲೆ ಅಂಗೈ ಇಡಿ. ಈಗ ಬೆಚ್ಚಗಿರುತ್ತದೆ. ಮಂಡಿ ನೋವಿನ ನಮ್ಮ ದೊಡ್ಡಮ್ಮ ಆ ಬಿಸಿ ಕಲ್ಲಿಗೆ ಕಾಲು ಚಾಚಿ ಕೂತರೆ ಕತ್ತಲಾಗುವವರೆಗೆ ಏಳುವುದಿಲ್ಲ.

ಇಳಿದು ರಸ್ತೆಗೆ ಬಂದರೆ ಅಲ್ಲೇ ಬಸ್ ಸಿಗುತ್ತದೆ. ಪಾರ್ಕಿನ ಬಾಗಿಲು ಹಾಕುವ ಮೊದಲೇ ಇಳಿಯಿರಿ, ಕತ್ತಲಲ್ಲಿ ಬಂಡೆಯ ತಗ್ಗು ದಿಣ್ಣೆ ಕಾಣುವುದಿಲ್ಲ. ವಯಸ್ಸಾದವರನ್ನು ಮುಂದೆ ಬಿಟ್ಟು ಹಿಂದಿನಿಂದ ಬರಬೇಡಿ. ನೀವೇ ಮುಂದೆ ಇಳಿದು, ತಿರುಗಿ ನಿಂತು ಕೈ ಕೊಡಿ.